ಡ್ರಾಫ್ಟಿನಲ್ಲೇ ಇರಲಿ ಆ ರಾಜೀನಾಮೆ

ಪ್ರೀತಿಯ ಗೆಳೆಯ,

ರಾತ್ರಿ ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. 'ಬಾಸ್ ಕಾಟ ತಡೆಯೋಕಾಗ್ತಿಲ್ಲ, ರಾಜೀನಾಮೆ ಟೈಪ್ ಮಾಡಿ ಡ್ರಾಫ್ಟಲ್ಲಿ ಇಟ್ಟಿದೀನಿ ಕಣೋ, ಸೆಂಡ್ ಒತ್ತೋದಷ್ಟೇ ಬಾಕಿ' ಅಂದೆಯಲ್ಲ, ನಾಲ್ಕು ವರ್ಷದ ಹಿಂದೆ ನನ್ನ ಡ್ರಾಫ್ಟಿನಲ್ಲೂ ಅಂಥದ್ದೊಂದು ಇತ್ತು. ಆಗ ನಿನಗೆ ಹೇಳಿರಲಿಲ್ಲ. 54ನೇ ವಯಸ್ಸಿನಲ್ಲಿ, ಮಗನ ವಾರಗೆಯ ಹುಡುಗನಿಂದ ಅನ್ನಿಸಿಕೊಂಡು ಬಂದೆ ಅಂತ ಹೇಳಿಕೊಳ್ಳೋಕೆ ನಾಚಿಕೆ, ಅಷ್ಟೇ.

ಅವನು ಮ್ಯಾನೇಜರಾಗಿ ಬಂದು ಮೂರನೇ ವಾರ. ಮೀಟಿಂಗಿನಲ್ಲಿ ನಾನು ಎಂದಿನ ಹಾಗೆ 'ಇದನ್ನ ಹಿಂದೆ ಒಂದ್ಸಲ ಮಾಡಿ ನೋಡಿದ್ವಿ' ಅಂತ ಶುರು ಮಾಡಿದೆ. ಅವನು ಲ್ಯಾಪ್‌ಟಾಪಿನಿಂದ ತಲೆಯೂ ಎತ್ತದೆ, 'ಹಿಂದಿನದು ಸಾಕು ಸರ್, ನೀವೂ ಸ್ವಲ್ಪ ಮುಂದೆ ಬನ್ನಿ' ಅಂದ. ಯಾರೋ ಕಿಸಕ್ಕನೆ ನಕ್ಕರು. ನಾನೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ ಪೆನ್ನಿನ ಕ್ಯಾಪ್ ತೆಗೆಯುತ್ತ, ಹಾಕುತ್ತ ಕೂತಿದ್ದಳು. ನನ್ನತ್ತ ನೋಡಲಿಲ್ಲ. ಅವನ ಮಾತಿಗಿಂತ ಆ ಟಕ್ ಟಕ್ ಸದ್ದೇ ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಒಂದೊಂದಾಗಿ ಶುರುವಾಯಿತು. ನನಗೆ ಬರಬೇಕಾದ ಮೇಲ್‌ಗಳಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಕೆಲಸ ಹಚ್ಚಿ ಸೋಮವಾರ ಬೆಳಿಗ್ಗೆ 'ಇನ್ನೂ ಆಗಿಲ್ವಾ?' ಅನ್ನೋದು. ಎಲ್ಲರೆದುರು ನಗುನಗುತ್ತ 'ರಿಟೈರ್‌ಮೆಂಟ್ ಯಾವಾಗ ಸರ್?' ಅಂತ ಕೇಳೋದು.

ನಾನು ಮಾಡಿದ ಮೊದಲ ದಡ್ಡತನ ಕೇಳು. ಸೀದಾ ಅವನ ಮೇಲಿನವರ ಹತ್ತಿರ ಹೋಗಿ ನನ್ನ ಸರ್ವೀಸ್ ಎಷ್ಟು ವರ್ಷ, ಯಾವ ಯಾವ ಕಷ್ಟದ ಕಾಲದಲ್ಲಿ ಕಂಪನಿ ಜೊತೆ ನಿಂತೆ ಅಂತ ಒಪ್ಪಿಸಿದೆ. ಅವರು ತಲೆಯಾಡಿಸಿದರು. ಅವನನ್ನು ತಂದು ಕೂರಿಸಿದ್ದೇ ಅವರು ಅನ್ನೋದು ನನಗೆ ಹೊಳೆಯಲೇ ಇಲ್ಲ ನೋಡು! ಸಂಜೆಯೊಳಗೆ ವಿಷಯ ಅವನಿಗೆ ತಲುಪಿತ್ತು. ನೀನೂ ನಿನ್ನೆ 26 ವರ್ಷ, 26 ವರ್ಷ ಅಂತ ಮೂರು ಸಲ ಹೇಳಿದೆ. ಬೇಡ ಮಾರಾಯ. ಅದು ನಮಗೆ ಆಸ್ತಿ, ಅಂಥವರ ಕಿವಿಗೆ ಬರೀ ಹಳೇ ಲೆಕ್ಕ.

ಅಂಥ ಒಂದು ನಿದ್ದೆಗೆಟ್ಟ ರಾತ್ರಿಯಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ ಓದಿದ್ದು. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ 2019ರಲ್ಲಿ ಅಂಗೀಕರಿಸಿದ್ದು ಅದು. ಮನಸ್ಸಿಗೆ ಆಗುವ ಹಾನಿಯೂ ಹಾನಿಯೇ, ಒಂದೇ ಸಲ ನಡೆದರೂ ಅದು ಕಿರುಕುಳ ಆಗಬಹುದು ಅನ್ನುತ್ತೆ. ಒಪ್ಪಿ ಅನುಮೋದಿಸಿದ ದೇಶಗಳಿಗಷ್ಟೇ ಅದರ ಕಟ್ಟು, ನನಗೇನೂ ಅದರಿಂದ ನ್ಯಾಯ ಸಿಗಲಿಲ್ಲ. ಆದರೆ 'ನಾನೇ ಅತಿ ಸೂಕ್ಷ್ಮ ಆಗ್ತಿದೀನಾ' ಅಂತ ಕೊರೆಯುತ್ತಿದ್ದ ಹುಳ ಅವತ್ತು ಸತ್ತಿತು.

ಮಾರನೇ ದಿನ ಒಂದು ಡೈರಿ ಶುರು ಮಾಡಿದೆ. ಆಫೀಸಿನ ಲ್ಯಾಪ್‌ಟಾಪಲ್ಲಿ ಅಲ್ಲ, ಕೈಬರಹದಲ್ಲಿ, ಮನೆಯಲ್ಲಿ. ಲಾಗಿನ್ ಮುಚ್ಚಿದ ದಿನ ಲ್ಯಾಪ್‌ಟಾಪಲ್ಲಿ ಇದ್ದದ್ದೆಲ್ಲ ಹೋದ ಹಾಗೇ. ತಾರೀಖು, ಹೊತ್ತು, ಆಡಿದ ಮಾತು, ಯಾರು ಯಾರು ಇದ್ದರು, ಇಷ್ಟೇ. 'ನನಗೆ ಅವಮಾನವಾಯಿತು' ಅಂತ ಬರೀಬೇಡ. ಬಾಯಿಮಾತಲ್ಲಿ ಕೆಲಸ ಹೇಳಿದರೆ ಸೀಟಿಗೆ ಬಂದ ಕೂಡಲೇ ಎರಡು ಸಾಲಿನ ಮೇಲ್ ಹಾಕುತ್ತಿದ್ದೆ: 'ನೀವು ಈಗ ಹೇಳಿದಂತೆ ಇಂಥದ್ದನ್ನು ಬುಧವಾರದೊಳಗೆ ಮುಗಿಸುತ್ತೇನೆ, ತಪ್ಪಾಗಿ ತಿಳಿದಿದ್ದರೆ ತಿಳಿಸಿ.' ಎರಡು ತಿಂಗಳಲ್ಲಿ ಶುಕ್ರವಾರದ ಆಟ ನಿಂತಿತು. ಬರಹದಲ್ಲಿ ಕಂಡಾಗ ಅವನಿಗೇ ಅದು ಚೆನ್ನಾಗಿ ಕಾಣಿಸಿರಲಿಕ್ಕಿಲ್ಲ.

ಒಂದು ವಿಷಯ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡ. ತಿಂಗಳ ಕೊನೆಯ ಲೆಕ್ಕ ತಾಳೆ ಹಾಕುವ ಕೆಲಸ ಪೂರ್ತಿ ನನ್ನ ತಲೆಯಲ್ಲೇ ಇತ್ತು. ಅವನು ಅದನ್ನ ಹಂತ ಹಂತವಾಗಿ ಬರೆದುಕೊಡಿ ಅಂದಾಗ, ನನ್ನನ್ನ ಓಡಿಸೋಕೆ ಸಂಚು ಅಂದುಕೊಂಡು ಮೂರು ವಾರ ಸತಾಯಿಸಿದೆ. ಕೊನೆಗೆ ಬರೆಯಲು ಕೂತರೆ, ಎರಡು ಹಂತ ಯಾರಿಗೂ ಬೇಡದ್ದು. ವರ್ಷಗಟ್ಟಲೆ ಸುಮ್ಮನೆ ಮಾಡುತ್ತಿದ್ದೆ! ಅವನು ಒರಟ, ಹೌದು. ಆ ಒಂದು ವಿಷಯದಲ್ಲಿ ಅವನು ಸರಿಯಿದ್ದ. ನಿನ್ನ ಬಾಸ್ ಹೇಳೋದರಲ್ಲೂ ಕೆಲಸದ ಮಾತು ಯಾವುದು, ನಿನ್ನ ವಯಸ್ಸಿನ ಮಾತು ಯಾವುದು, ಬೇರೆ ಮಾಡಿ ನೋಡು. ಎಲ್ಲರ ಮೇಲೂ ಹೀಗೇ ಹಾರಾಡ್ತಾರಾ, ನಿನ್ನ ಮೇಲೆ ಮಾತ್ರಾನಾ? ನಿನ್ನ ಮೇಲೆ ಮಾತ್ರ ಅಂತಾದರೆ ಡೈರಿ ತಗೊಂಡು ಎಚ್‌ಆರ್ ಹತ್ತಿರ ಹೋಗು, ಆದರೆ ಅವರು ಇರೋದು ಕಂಪನಿ ಕಾಯೋಕೆ ಅನ್ನೋದು ಮರೀಬೇಡ. ಅಪ್ರೈಸಲ್ ಕಾಗದ, ಅಂದರೆ ನಿನ್ನ ಕೆಲಸ ಹೇಗಿತ್ತು ಅಂತ ಅವರು ಬರೆದದ್ದು, ಕೊಟ್ಟು ಅಲ್ಲೇ ಸಹಿ ಮಾಡಿ ಅಂದರೆ, 'ಓದಿ ನಾಳೆ ಕೊಡ್ತೀನಿ' ಅನ್ನು.

ರಾಜೀನಾಮೆ ವಿಷಯಕ್ಕೆ ಬರ್ತೀನಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಕಿರುಕುಳ ತಾಳಲಾರದೆ ಬಿಟ್ಟರೆ ಅದನ್ನು ವಜಾಕ್ಕೆ ಸಮ ಅಂತ ಒಪ್ಪುವ ಕಾನೂನು ಕೆಲವು ದೇಶಗಳಲ್ಲಿದೆ. ಅಲ್ಲೂ ಸಾಬೀತು ಮಾಡೋ ಹೊರೆ ಬಿಟ್ಟುಬಂದವನ ಹೆಗಲಿಗೇ. ನಮ್ಮ ವಯಸ್ಸಲ್ಲಿ ಇನ್ನೊಂದು ಕೆಲಸ ಸಿಗೋದು ತಡ ಆಗುತ್ತೆ, ಅದು ನಿನಗೂ ಗೊತ್ತು. ಹುಡುಕು, ಬೇಡ ಅನ್ನಲ್ಲ. ಸೀಟಲ್ಲಿ ಕೂತೇ ಹುಡುಕು. ನಿದ್ದೆ, ಬಿಪಿ ಎರಡೂ ಕೆಡ್ತಿದ್ದರೆ ಮಾತ್ರ ಲೆಕ್ಕಾಚಾರ ಬೇರೆ. ಆಗ ಮೊದಲು ಡಾಕ್ಟರ ಹತ್ತಿರ ಹೋಗು, ಉಳಿದದ್ದು ಆಮೇಲೆ.

ನಮ್ಮವನು ಈಗಲೂ ಅಲ್ಲೇ ಇದ್ದಾನೆ, ನಾನೂ ಇದ್ದೀನಿ. ಸ್ನೇಹಗಿನೇಹ ಏನೂ ಆಗಿಲ್ಲ. ಲಿಫ್ಟಲ್ಲಿ ಸಿಕ್ಕರೆ ಇಬ್ಬರೂ ಫೋನ್ ನೋಡ್ತೀವಿ.

ಡ್ರಾಫ್ಟ್ ಅಳಿಸಬೇಡ, ಇರಲಿ. ತಾರೀಖು ಮಾತ್ರ ಹಾಕಬೇಡ. ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೀನಿ, ಅಷ್ಟರೊಳಗೆ ಡೈರಿಯಲ್ಲಿ ಒಂದು ಪುಟವಾದರೂ ಬರೆದಿರು, ಓದಿ ಹೇಳುವೆಯಂತೆ.

ನಿನ್ನ ಗೆಳೆಯ