ಕಾಲು ಹಿಡಿದು ಸೋತ ಗೆಳೆಯನಿಗೆ

ಕಾರವಾರ
ಭಾನುವಾರ ಸಂಜೆ

ಗೆಳೆಯಾ,

ನಿನ್ನ ಮೆಸೇಜ್ ಬಂದು ಮೂರು ದಿನ ಆಯಿತು. ಮಗಳು ಜೂಡೋ ಕಲಿಯಲು ಕ್ರೀಡಾ ಹಾಸ್ಟೆಲ್ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ, ‘ಬೇಡ ಅಂತ ನೀನೇ ಹೇಳು, ನನ್ನ ಮಾತು ಕೇಳಲ್ಲ’ ಎಂದು ಬರೆದಿದ್ದೀಯ. ಒಳ್ಳೆಯವನನ್ನೇ ಹುಡುಕಿದೆ ಮಾರಾಯಾ! ಫೋನ್ ಮಾಡಿದರೆ ಎರಡನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಳೇ ಬ್ಯಾಚಿನವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು 2011ರ ನಿನ್ನ ಜೂಡೋ ಫೈನಲ್ ವಿಷಯ ಮುಗಿಸಿಬಿಡೋಣ. ನೀನು ಬೇಡ ಅನ್ನುತ್ತಿರುವುದು ಮಗಳಿಗಲ್ಲ, ಆ ಫೈನಲ್‌ಗೆ. 66 ಕೆ.ಜಿ. ವಿಭಾಗ. ತೂಕ ಇಳಿಸಲು ಹಿಂದಿನ ದಿನ ನೀನು ಗಂಜಿಯನ್ನೂ ಉಂಡಿರಲಿಲ್ಲ. ರೇನ್‌ಕೋಟ್ ಹಾಕಿಕೊಂಡು ಬಿಸಿಲಲ್ಲಿ ಓಡಿದ್ದೆ. ನಾನು ಎದುರಿಗೇ ಕೂತು ಆಮ್ಲೆಟ್ ತಿಂದೆ ಅಂತ ಇವತ್ತಿಗೂ ಬೈಯುತ್ತೀಯ. ಫೈನಲ್‌ನಲ್ಲಿ ಎದುರಾಳಿ ಸುಸ್ತಾಗಿ ನೆಟ್ಟಗೆ ನಿಂತಿದ್ದ. ನೀನು ಹಳಿಯಾಳದ ಮಣ್ಣಿನಲ್ಲಿ ಕಲಿತ ಕುಸ್ತಿ ಪಟ್ಟು ಹಾಕಿದೆ. ತಗ್ಗಿ, ಎರಡೂ ಕಾಲು ಬಾಚಿ, ಎತ್ತಿ ಒಗೆದೆ. ಅವನ ಬೆನ್ನು ಪೂರ್ತಿ ಮ್ಯಾಟಿಗೆ ಬಡಿದ ಸದ್ದು ನನಗಿನ್ನೂ ಕೇಳುತ್ತದೆ. ಅಪ್ಪಟ ಇಪ್ಪೊನ್, ಅಲ್ಲಿಗೇ ಪಂದ್ಯ ಗೆಲ್ಲಿಸುವ ಪೂರ್ಣ ಅಂಕ. ನೀನು ಕೈ ಎತ್ತಿದೆ, ನಾನು ಕೂಗಿದೆ. ರೆಫರಿ ಮೇಜಿನ ಕಡೆ ಒಮ್ಮೆ ನೋಡಿ, ನಿನ್ನನ್ನೇ ಹೊರಗೆ ಹಾಕಿದರು. ಹನ್ಸೊಕುಮಾಕೆ, ಅಂದರೆ ನಿಯಮ ಮುರಿದದ್ದಕ್ಕೆ ಅನರ್ಹ.

ನಿಯಮ ನಮಗೆ ಗೊತ್ತಿರಲಿಲ್ಲ ಎಂದೇನಲ್ಲ. ನೇರವಾಗಿ ಕಾಲಿಗೆ ಕೈ ಹಾಕುವುದನ್ನು ಅಂತಾರಾಷ್ಟ್ರೀಯ ಫೆಡರೇಷನ್ 2010ರಲ್ಲೇ ನಿಷೇಧಿಸಿತ್ತು. 2013ರಲ್ಲಿ ನಿಂತು ಆಡುವಾಗ ಬೆಲ್ಟಿನ ಕೆಳಗೆ ಕೈ ಹೋಗುವುದೇ ಬೇಡ ಎಂದಿತು. ಎಲ್ಲರೂ ಬಗ್ಗಿ ಕಾಲಿಗೇ ನುಗ್ಗುತ್ತಾರೆ, ಜೂಡೋ ಹೋಗಿ ಕುಸ್ತಿ ಆಗುತ್ತಿದೆ ಎನ್ನುವುದು ಅವರ ತಕರಾರು. ನಿಯಮ ನಿನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹತ್ತು ವರ್ಷ ಗರಡಿಯಲ್ಲಿ ಪಳಗಿದ ಕೈ ಒಂದು ವರ್ಷದ ಸುತ್ತೋಲೆಯ ಮಾತು ಕೇಳುತ್ತದಾ? ತಮಾಷೆ ನೋಡು, ಜೂಡೋ ಕಟ್ಟಿದ ಕಾನೋ ಜಿಗೊರೋ ಅವರೇ ಹೆಗಲ ಮೇಲೆ ಎತ್ತಿ ಒಗೆಯುವ ಕಟಾ ಗುರುಮಾ ಪಟ್ಟನ್ನು ಪಾಶ್ಚಾತ್ಯ ಕುಸ್ತಿಯ ಪುಸ್ತಕ ನೋಡಿ ರೂಪಿಸಿದರಂತೆ. ಕುಸ್ತಿಯಿಂದ ಸಾಲ ತಂದ ಮನೆಯಿಂದಲೇ ಕುಸ್ತಿಯವನನ್ನು ಆಚೆ ಹಾಕಿದರು. ಕಾಲು ಹಿಡಿದು ಉದ್ಧಾರವಾದವರನ್ನು ಊರ ತುಂಬ ನೋಡಿದ್ದೇನೆ. ಕಾಲು ಹಿಡಿದು ಕೆಟ್ಟವ ನೀನೊಬ್ಬನೇ.

2025ರಲ್ಲಿ ಅಖಿಲ ಜಪಾನ್ ಚಾಂಪಿಯನ್‌ಷಿಪ್‌ನಲ್ಲಿ ಕಾಲು ಹಿಡಿಯಲು ಮತ್ತೆ ಬಿಟ್ಟರು. ಅದು ಅವರ ಮನೆಯೊಳಗಿನ ಟೂರ್ನಿಗೆ ಮಾತ್ರ. ಆ ಸುದ್ದಿ ನಿನಗೆ ಕಳಿಸೋಣ ಎಂದು ಟೈಪ್ ಮಾಡಿ, ಅಳಿಸಿದ್ದೆ.

ಅದು ನಿನ್ನ ಕಥೆ. ಮಗಳ ಕೈಗೆ ಮರೆಯಬೇಕಾದ ಪಟ್ಟು ಒಂದೂ ಇಲ್ಲ. ಅವಳು ಈಗಿನ ಜೂಡೋವನ್ನೇ ಮೊದಲಿನಿಂದ ಕಲಿಯುತ್ತಾಳೆ.

ಆದರೆ ‘ಇಂಟರ್‌ನ್ಯಾಷನಲ್ ಆದ್ರೂ ಏನು ಸಿಗುತ್ತೆ?’ ಎಂದು ಕೇಳಿದ್ದೀಯಲ್ಲ, ಆ ಪ್ರಶ್ನೆ ಮಾತ್ರ ಸರಿಯಾಗಿದೆ. ಸುಳ್ಳು ಹೇಳುವುದಿಲ್ಲ. ಸಿಗುವುದು ಕಡಿಮೆ, ಕೊಡುವುದು ಜಾಸ್ತಿ.

2024ರ ಆಗಸ್ಟ್ ನೆನಪಿದೆಯಾ? ಶಿರೂರಿನಲ್ಲಿ ಗುಡ್ಡ ಕುಸಿದು ಎರಡು ವಾರ ದಾಟಿತ್ತು. ಇಲ್ಲಿ ಯಾರಿಗೂ ಒಲಿಂಪಿಕ್ಸ್ ನೋಡುವ ಮನಸ್ಸಿರಲಿಲ್ಲ. ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ನಮ್ಮ ಜೂಡೋ ಆಟಗಾರ್ತಿ ತುಲಿಕಾ ಮಾನ್ ಕಣಕ್ಕಿಳಿದರು. ಎದುರಿಗೆ ಕ್ಯೂಬಾದ ಇಡಾಲಿಸ್ ಓರ್ಟಿಜ್, 2008ರಿಂದ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದವರು. ಅರ್ಧ ನಿಮಿಷ ತುಂಬುವುದರೊಳಗೆ ಎಲ್ಲ ಮುಗಿಯಿತು. ಐದು ದಿನ ಬಿಟ್ಟು ಕಾಳಿ ನದಿಯ ಹಳೇ ಸೇತುವೆ ಬಿತ್ತು. ಚಹಾ ಅಂಗಡಿಯಲ್ಲಿ ಒಬ್ಬ ಹೇಳಿದ: ‘ಸೇತುವೆ ನಲವತ್ತು ವರ್ಷ ನಿಂತಿತ್ತು, ನಿಮ್ಮ ಜೂಡೋದವಳು ಅರ್ಧ ನಿಮಿಷ ನಿಲ್ಲಲಿಲ್ಲ.’ ಎಲ್ಲರೂ ನಕ್ಕರು. ನಾನು ಅರ್ಧ ಗ್ಲಾಸ್ ಚಹಾ ಬಿಟ್ಟು ಎದ್ದು ಬಂದೆ.

ಆ ಅರ್ಧ ನಿಮಿಷದ ಹಿಂದೆ ಏನಿತ್ತು ಎಂದು ಅವನಿಗೆ ಹೇಳುವ ತಾಳ್ಮೆ ನನಗಿರಲಿಲ್ಲ. ನಿನಗೆ ಹೇಳುತ್ತೇನೆ. ಒಲಿಂಪಿಕ್ಸ್‌ಗೆ ಒಂದು ತೂಕದಲ್ಲಿ ಒಂದು ದೇಶದಿಂದ ಒಬ್ಬರೇ. ಪ್ಯಾರಿಸ್‌ಗೆ ರ‍್ಯಾಂಕಿಂಗ್‌ನ ಮೊದಲ 17 ಮಂದಿಗೆ ನೇರ ಪ್ರವೇಶ, ಉಳಿದವರು ಖಂಡದ ಕೋಟಾಕ್ಕೆ ಬಡಿದಾಡಬೇಕು. ಏಷ್ಯಾ ಅಂದರೆ ಜಪಾನ್, ಕೊರಿಯಾ, ಮಂಗೋಲಿಯಾ, ಉಜ್ಬೇಕಿಸ್ತಾನ್! ಗ್ರ್ಯಾಂಡ್ ಸ್ಲಾಮ್ ಅನ್ನುವ ದೊಡ್ಡ ಟೂರ್ನಿ ಗೆದ್ದರೆ ರ‍್ಯಾಂಕಿಂಗ್‌ಗೆ 1,000 ಅಂಕ, ವಿಶ್ವ ಚಾಂಪಿಯನ್‌ಷಿಪ್ ಗೆದ್ದರೆ 2,000. ಒಂದು ವರ್ಷ ಆದ ಮೇಲೆ ಅವು ಅರ್ಧಕ್ಕೆ ಇಳಿಯುತ್ತವೆ. ಹಾಗಾಗಿ ತಾಷ್ಕೆಂಟ್, ಟಿಬಿಲಿಸಿ ಎಂದು ಸುತ್ತುತ್ತಲೇ ಇರಬೇಕು. ಅಷ್ಟು ದೂರ ಹೋಗಿ ಮೊದಲ ಸುತ್ತಿನಲ್ಲೇ ಸೋತರೆ ನಾಲ್ಕು ನಿಮಿಷದ ಆಟ, ವಾಪಸ್ ವಿಮಾನ.

ಮಣಿಪುರದ ಸುಶೀಲಾ ದೇವಿ ಲಿಕ್ಮಾಬಮ್ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದರು. ಮುಂದಿನ ಬೆಳ್ಳಿ 2022ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. ಎರಡೂ ಸಲ 48 ಕೆ.ಜಿ. ಎಂಟು ವರ್ಷ ಅದೇ ತೂಕ! ನಮಗೆ ಎಂಟು ದಿನ ಆಗುತ್ತಿರಲಿಲ್ಲ. ಟೂರ್ನಿಗಳಿಗೆ ಹೋಗಲು ಕಾರು ಮಾರಿದರು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಟೋಕಿಯೋ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಜೂಡೋ ಆಟಗಾರ್ತಿ ಅವರೊಬ್ಬರೇ. ಅಲ್ಲಿ ಮೊದಲ ಪಂದ್ಯದಲ್ಲೇ ಸೋತರು. ಸೋತದ್ದನ್ನು ಮಾತ್ರ ಎಲ್ಲರೂ ನೋಡಿದರು.

ಇನ್ನೊಂದು ಹೆಸರು ನಿನ್ನ ಮಗಳಿಗೆ ಗೊತ್ತೇ ಇರುತ್ತದೆ, ಲಿಂಥೋಯಿ ಚನಂಬಮ್. ಅವಳೂ ಮಣಿಪುರದವಳೇ. ಆದರೆ ತಯಾರಾದದ್ದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟಿನಲ್ಲಿ, ಜಾರ್ಜಿಯಾದ ಕೋಚ್ ಕೈಯಲ್ಲಿ. 2022ರಲ್ಲಿ ಸರಯೇವೊದಲ್ಲಿ ವಿಶ್ವ ಕೆಡೆಟ್ (18 ವರ್ಷದೊಳಗಿನವರ) ಚಾಂಪಿಯನ್ ಆದಳು. ಯಾವುದೇ ವಯಸ್ಸಿನ ಜೂಡೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಆಗ 57 ಕೆ.ಜಿ. 2025ರಲ್ಲಿ ಲಿಮಾದಲ್ಲಿ ಜೂನಿಯರ್ ಕಂಚು ಗೆದ್ದಾಗ 63.

ಈ 57 ಮತ್ತು 63ರ ಮಾತನ್ನು ಸುಮ್ನೆ ಎತ್ತಲಿಲ್ಲ. ಬೆಳೆಯುವ ಮಗು ಬೆಳೆಯಲಿ, ಒಂದು ವಿಭಾಗ ಮೇಲೆ ಆಡಲಿ. ತೂಕಕ್ಕಾಗಿ ಊಟ ಬಿಡಿಸುತ್ತಿದ್ದಾರೆ ಎಂದು ಗೊತ್ತಾದರೆ ಮರುದಿನವೇ ಹೋಗಿ ಕರೆದುಕೊಂಡು ಬಾ. ಆಗ ನಾನೇ ನಿನ್ನ ಜೊತೆ ಬರುತ್ತೇನೆ. ಈಗ ದೊಡ್ಡ ಟೂರ್ನಿಗಳಲ್ಲಿ ತೂಕ ಹಿಂದಿನ ಸಂಜೆಯೇ ನೋಡುತ್ತಾರೆ. ಬೆಳಿಗ್ಗೆ ಕೆಲವರನ್ನು ಮತ್ತೆ ಕರೆದು ನಿಲ್ಲಿಸುತ್ತಾರೆ, ವಿಭಾಗದ ಮಿತಿಗಿಂತ 5%ಗೂ ಹೆಚ್ಚು ತೂಗಿದರೆ ಆಡಿಸುವುದಿಲ್ಲ. ನಮ್ಮ ಕಾಲದಷ್ಟು ಹುಚ್ಚಾಟ ಇಲ್ಲ, ಆದರೂ ಇದೆ. ಮೊಣಕಾಲಿನ ಬಗ್ಗೆ ನಿನಗೆ ನಾನೇನು ಹೇಳಲಿ? ಮೆಟ್ಟಿಲು ಇಳಿಯುವಾಗ ನಿನ್ನದೇ ಹೇಳುತ್ತದಲ್ಲ.

ಹಾಗಾಗಿ ಬೇಡ ಅಂತ ನಾನು ಹೇಳಲ್ಲ. ಮೇಲೆ ಬರೆದದ್ದನ್ನೆಲ್ಲ ಅವಳಿಗೂ ಓದಿ ಹೇಳು. ಚಹಾ ಅಂಗಡಿಯ ಮಾತನ್ನೂ ಬಿಡಬೇಡ. ಆಮೇಲೂ ಹೋಗ್ತೀನಿ ಅಂದರೆ ಕಳಿಸು.

ಮೇ ರಜೆಯಲ್ಲಿ ಇಬ್ಬರೂ ಇಲ್ಲಿಗೆ ಬನ್ನಿ. ಟ್ಯಾಗೋರ್ ಬೀಚಿನ ಮರಳಿನಲ್ಲಿ ಅವಳಿಗೆ ಉಕೆಮಿ, ಅದೇ ಸರಿಯಾಗಿ ಬೀಳುವುದನ್ನು, ಹೇಳಿಕೊಡೋಣ. ಗದ್ದ ಎದೆಗೆ, ಅಂಗೈ ನೆಲಕ್ಕೆ. ಮರಳಲ್ಲಿ ಸದ್ದು ಬರಲ್ಲ, ಪೆಟ್ಟೂ ಆಗಲ್ಲ. ಆಮೇಲೆ ಬಂಗಡೆ ಊಟ, ಈ ಸಲ ನಿನಗೂ.

ಮತ್ತೊಂದು. ಆ ಫೈನಲ್ ಮುಗಿಸಿ ಬರುವಾಗ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನೀನು ಕಂದು ಬೆಲ್ಟನ್ನು ಕಸದ ಡಬ್ಬಿಗೆ ಹಾಕಿ ಯಲ್ಲಾಪುರದ ಬಸ್ ಹತ್ತಿದೆಯಲ್ಲ, ನನ್ನ ಕುಮಟಾ ಬಸ್ ಬರಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಬೆಲ್ಟ್ ನನ್ನ ಟ್ರಂಕಿನಲ್ಲಿದೆ. ಇಲ್ಲಿನ ಮಳೆಗೆ ಬೂಸಲು ಹಿಡಿದಿದೆ. ಹೆಂಡತಿ ಎರಡು ಸಲ ಬಿಸಾಡಲು ತೆಗೆದಿದ್ದಳು. ಬಂದಾಗ ತಗೊಂಡು ಹೋಗು.

ಇಂತಿ ನಿನ್ನ,
ಆಮ್ಲೆಟ್ ತಿಂದವನು