ನನ್ನ ಕಿವಿ, ಊರಿನ ಕಿವಿ

ಗೆಳೆಯಾ,

"ಎಲ್ಲರೂ ಹೊಗಳಿದ್ದನ್ನೇ ಹೊಗಳುವುದಕ್ಕೆ ನೀನೊಬ್ಬ ವಿಮರ್ಶಕ ಯಾಕೆ ಬೇಕು?" ಎಂದು ಹೋದ ತಿಂಗಳು ಫೋನಿನಲ್ಲಿ ಕೇಳಿ ನೀನು ನಿಶ್ಚಿಂತೆಯಿಂದ ಮಲಗಿದೆ. ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಅಟ್ಟದ ಮೇಲಿನ ಟ್ರಂಕು ಇಳಿಸಿ, ನಾನು ಬರೆದ ಸಂಗೀತ ವಿಮರ್ಶೆಗಳನ್ನೂ ಅದೇ ಕಛೇರಿಗಳ ಬಗ್ಗೆ ಇಲ್ಲಿ ಪುಣೆಯ ಮರಾಠಿ ಪತ್ರಿಕೆಗಳಲ್ಲಿ ಉಳಿದವರು ಬರೆದದ್ದನ್ನೂ ಜೋಡಿ ಜೋಡಿಯಾಗಿ ನೆಲಕ್ಕೆ ಹಾಸಿದೆ. ಹೆಂಡತಿ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಳು.

ಹತ್ತರಲ್ಲಿ ಎಂಟು ಕಡೆ ಒಂದೇ ಮಾತು. ಯಾಕೆಂದು ನೆನಪಾಯಿತು. ಇಲ್ಲಿಯ ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ ಒಬ್ಬ ಗಾಯಕರು ಎದ್ದು ಇನ್ನೊಬ್ಬರ ತಂಬೂರಿ ಶ್ರುತಿಗೂಡುವಷ್ಟರಲ್ಲಿ ನಾವು ನಾಲ್ಕೈದು ಮಂದಿ ವಿಮರ್ಶಕರು ಚಹಾದ ಅಂಗಡಿಯ ಮುಂದೆ ಸೇರುತ್ತಿದ್ದೆವು. ಹಿರಿಯರೊಬ್ಬರು ಬಟಾಟೆವಡೆಯನ್ನು ಊದಿ ಆರಿಸಿಕೊಳ್ಳುತ್ತ, "ಲಯ ಸ್ವಲ್ಪ ಅವಸರವಾಯಿತು" ಎನ್ನುವರು. ಮರುದಿನ ನಾಲ್ಕೂ ಪತ್ರಿಕೆಗಳಲ್ಲಿ ಲಯ ಅವಸರವಾಗಿರುತ್ತಿತ್ತು. ನನ್ನದರಲ್ಲೂ.

ಇನ್ನುಳಿದ ಎರಡರ ಬಗ್ಗೆ ನನಗೆ ಬಲು ಹೆಮ್ಮೆಯಿತ್ತು. ಹಿಂದುಸ್ತಾನಿ ಗಾಯಕ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಆ ಉತ್ಸವ ಆರಂಭಿಸಿದ ಊರಿನಲ್ಲೇ ಕುಳಿತು, ಜೋಶಿಯವರಿಗಿಂತ ಗಾಯಕ ಬಸವರಾಜ ರಾಜಗುರು ಒಂದು ಗುಲಗಂಜಿ ತೂಕ ಹೆಚ್ಚು ಎಂದು ಬರೆದವನು ನಾನು. ಜೋಶಿಯವರು ಗದುಗಿನವರು, ರಾಜಗುರು ಧಾರವಾಡ ಸೀಮೆಯ ಯಲಿವಾಳದವರು. ಕನ್ನಡಿಗರಾದ ನಮಗೆ ಇಬ್ಬರೂ ಮನೆಯವರೇ. ಪುಣೆಯವರಿಗೆ ಮಾತ್ರ ಜೋಶಿಯವರು ಅಭಂಗಗಳೆಂಬ ಮರಾಠಿ ಭಕ್ತಿಗೀತೆಗಳ ಮೂಲಕ ಪೂರಾ ತಮ್ಮವರು. ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಓದುಗರೊಬ್ಬರು ಕಾರ್ಡು ಬರೆದಿದ್ದರು. ಅದನ್ನೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆ, ಪದಕದ ಹಾಗೆ!

ಆದರೆ ಅದು ಕಿವಿಯ ತೀರ್ಪೇ? ಧಾರವಾಡ ಆಕಾಶವಾಣಿಯಲ್ಲಿ ರಾಜಗುರು ಹಾಡಿದ ವಚನ ಬರುವಾಗ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಇವತ್ತಿಗೂ ಧ್ವನಿಮುದ್ರಿಕೆಯಲ್ಲಿ ಅವರ ಷಡ್ಜ ಕೇಳಿದರೆ ನನಗೆ ಜೋಳದ ಹಿಟ್ಟು ಬೇಯುವ ವಾಸನೆ ಬರುತ್ತದೆ. ಅದನ್ನು ತೂಗಲು ತಕ್ಕಡಿ ಎಲ್ಲಿಂದ ತರಲಿ?

ಮೊನ್ನೆ ಬಾಗಿಲು ಹಾಕಿಕೊಂಡು ಜೋಶಿಯವರ ಶುದ್ಧ ಕಲ್ಯಾಣ ರಾಗದ ಧ್ವನಿಮುದ್ರಿಕೆ ಕೇಳಿದೆ. ಬಿರುಸಿನ ತಾನುಗಳನ್ನು ಬಿಡು, ಅವುಗಳಿಗೆ ಊರೇ ಚಪ್ಪಾಳೆ ತಟ್ಟಿದೆ. ಮೇಲಿನ ಷಡ್ಜದಿಂದ ಇಳಿಯುವಾಗ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ನಡುವೆ ನಿಷಾದ ಒಂದು ಕ್ಷಣ ಮಿನುಗಿ ಧೈವತದಲ್ಲಿ ಕರಗುತ್ತದಲ್ಲ, ಆ ಜಾಗಕ್ಕೆ ಮೂರು ಸಲ ಹಿಂದಕ್ಕೆ ಹೋದೆ. ಅದರ ಬಗ್ಗೆ ನಾನು ಒಂದು ಸಾಲನ್ನೂ ಬರೆದಿಲ್ಲ. ಊರು ಮೆಚ್ಚಿದ್ದನ್ನು ಮೆಚ್ಚಬಾರದೆಂಬ ಹಟದಲ್ಲಿ ಅಷ್ಟು ವರ್ಷ ಅದು ನನಗೆ ಕೇಳಿಸಿಯೇ ಇರಲಿಲ್ಲ.

ರಾಜಗುರು ಹೆಚ್ಚು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಮಾತ್ರ ತಿಳಿಯಬೇಡ. ಗುಲಗಂಜಿಯನ್ನು ಅರ್ಧ ಮಾಡಿದ್ದೇನೆ, ಅಷ್ಟೇ.

ಡಿಸೆಂಬರಿನಲ್ಲಿ ಉತ್ಸವಕ್ಕೆ ಬಾ. ಈ ಸಲ ನಾನು ಚಹಾದ ಅಂಗಡಿಯ ಕಡೆ ಸುಳಿಯುವುದಿಲ್ಲ, ಫ್ಲಾಸ್ಕ್ ತರುತ್ತೇನೆ. ವಡೆ ನೀನೇ ಹೋಗಿ ತಂದುಕೊಡು. ಅಲ್ಲಿ ಯಾರು ಏನು ಅಂದರೆಂದು ಮಾತ್ರ ನನಗೆ ಹೇಳಬೇಡ.

ನಿನ್ನ,
ಪುಣೆಯ ಗೆಳೆಯ