ತಪ್ಪು ಚಾರ್ಜರ್ ಕೊಟ್ಟಿದ್ದೀರಿ, ಬ್ಯಾಟರಿ ಉಬ್ಬಿದೆ

ಇವರಿಂದ: ನಿಮ್ಮ ಸ್ಕೂಟರಿನ ಗ್ರಾಹಕಿ, ಹೂವಿನ ವ್ಯಾಪಾರಿ, ಚಿಕ್ಕಬಳ್ಳಾಪುರ
ಇವರಿಗೆ: ಗ್ರಾಹಕ ಸೇವೆಯ ಮುಖ್ಯಸ್ಥರು

ವಿಷಯ: ಬ್ಯಾಟರಿಗೆ ಹೊಂದದ ಚಾರ್ಜರ್ ಕೊಟ್ಟ ಬಗ್ಗೆ ದೂರು

ಮಾನ್ಯರೇ,

ಎರಡು ವರ್ಷದ ಹಿಂದೆ ನಿಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. 25 ಕಿಲೋಮೀಟರ್ ವೇಗ ದಾಟದ, 250 ವ್ಯಾಟ್ ಮೋಟಾರಿನ ಗಾಡಿ. ಲೈಸೆನ್ಸ್ ಬೇಡ, ನೋಂದಣಿ ಬೇಡ ಅಂದರು. ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಹೋಗಿ ಬರಲು ನನಗೆ ಅಷ್ಟೇ ಸಾಕಿತ್ತು.

ಹೋದ ತಿಂಗಳು ಚಾರ್ಜರ್ ಕೆಟ್ಟಿತು. ಊರಿನ ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಬೇರೆ ಚಾರ್ಜರ್ ಕೊಟ್ಟರು. ಪಿನ್ ಸರಿಯಾಗಿ ಕೂತಿತು. ಸರಿಯಾದದ್ದೇ ಇರಬೇಕು ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ ಅಲ್ವಾ?

ಮೂರನೇ ರಾತ್ರಿ ನಮ್ಮತ್ತೆ ಕೂಗಿ ಎಬ್ಬಿಸಿದರು. ಅವರು ಮಲಗುವುದು ಹಾಲ್‌ನಲ್ಲಿ. ಬ್ಯಾಟರಿ ಚಾರ್ಜಿಗೆ ಹಾಕುವುದೂ ಅಲ್ಲೇ, ಬಾಗಿಲ ಪಕ್ಕ. ನಮ್ಮ ಮನೆಗೆ ಇರುವುದು ಅದೊಂದೇ ಬಾಗಿಲು. ಉಗುರುಬಣ್ಣ ಅಳಿಸುವ ದ್ರಾವಣದ ಥರ ಸಿಹಿಯಾದ ಘಾಟು ಮನೆಯೆಲ್ಲಾ ತುಂಬಿತ್ತು. ಸ್ವಿಚ್ ಆರಿಸಿ ನೋಡಿದರೆ ಬ್ಯಾಟರಿಯ ಡಬ್ಬಿ ಪಕ್ಕಕ್ಕೆ ಉಬ್ಬಿತ್ತು, ಮುಚ್ಚಳದ ಒಂದು ಮೂಲೆ ಮೇಲೆದ್ದಿತ್ತು.

ಬೆಳಿಗ್ಗೆ ಪಕ್ಕದ ಮೊಬೈಲ್ ರಿಪೇರಿ ಹುಡುಗ ಎರಡೂ ಸ್ಟಿಕ್ಕರ್ ಓದಿದ. ಬ್ಯಾಟರಿಯ ಮೇಲೆ 54.6 ವೋಲ್ಟ್, ಚಾರ್ಜರ್ ಮೇಲೆ 58.4 ವೋಲ್ಟ್. "ಆಂಟಿ, ಇದು ಬೇರೆ ಜಾತಿ ಬ್ಯಾಟರಿಯ ಚಾರ್ಜರ್" ಅಂದ. ನನ್ನದರಲ್ಲಿ ಸಾಲಿಗೆ 13 ಸೆಲ್, ಒಂದೊಂದು 4.2 ವೋಲ್ಟಿಗೆ ತುಂಬಬೇಕು. ಆ ಚಾರ್ಜರ್ 16 ಸೆಲ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮಾಡಿದ್ದು. ನನ್ನ ಒಂದೊಂದು ಸೆಲ್ಲನ್ನೂ ಅದು 4.5 ವೋಲ್ಟಿನ ಹತ್ತಿರ ತಳ್ಳುತ್ತದೆ. ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಕರೆಂಟ್ ಕಡಿಯಬೇಕಿತ್ತು. ಕಡಿಯಲಿಲ್ಲ.

ಸರ್ವಿಸ್ ಸೆಂಟರಿನವರು "ನೀವೇ ನೋಡಿ ಹಾಕಬೇಕಿತ್ತು" ಅಂದರು. ನಾನು ಒಪ್ಪುವುದಿಲ್ಲ. ಎರಡು ಥರದ ಚಾರ್ಜರಿಗೆ ಒಂದೇ ಪಿನ್ ಇಟ್ಟವರು ನೀವು. ಸೂಚನೆಯಲ್ಲಿ ಒಂದು ಸಾಲೂ ಕನ್ನಡದಲ್ಲಿಲ್ಲ. ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತಾ ಪರೀಕ್ಷೆಯ ಎಐಎಸ್-156 ನಿಯಮ ಬಿಗಿ ಮಾಡಿ, 2022ರ ಡಿಸೆಂಬರ್ 1ರಿಂದ ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ನನ್ನ ಮಾಡೆಲ್‌ನ ಬ್ಯಾಟರಿ ಆ ಪರೀಕ್ಷೆ ಪಾಸಾಗಿದೆಯೇ? ಪ್ರಮಾಣಪತ್ರದ ನಕಲು ಕಳಿಸಿ. ನೋಂದಣಿ ಬೇಡದ ಗಾಡಿ ಅಂದರೆ ಸುರಕ್ಷತೆಯೂ ಬೇಡ ಅಂತಲ್ಲ. ಸರ್ಕಾರ ಕೇಳುವ ತನಕ ಕಾಯದೆ ಪಿನ್ ಬದಲಾಯಿಸಿ. ಇಂಥ ಚಾರ್ಜರ್ ಇನ್ನೂ ಎಷ್ಟು ಮನೆಗೆ ಹೋಗಿದೆಯೋ, ಅವರಿಗೆಲ್ಲಾ ಇವತ್ತೇ ಫೋನ್ ಮಾಡಿ. ನನಗೆ ಹೊಸ ಬ್ಯಾಟರಿ, ಅದರದೇ ಚಾರ್ಜರ್ ಬೇಕು.

ಉಬ್ಬಿದ ಬ್ಯಾಟರಿಯನ್ನು "ಗುಜರಿಗೆ ಹಾಕಿ" ಅಂದರು. ಅಲ್ಲಿ ಯಾರೋ ಸುತ್ತಿಗೆಯಲ್ಲಿ ಒಡೆದರೆ ಏನು ಗತಿ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬ್ಯಾಟರಿಯನ್ನು ಮನೆ ಹಿಂದಿನ ಖಾಲಿ ಸೈಟಿನಲ್ಲಿ ಮರಳಿನ ಮೇಲೆ ಇಟ್ಟಿದ್ದೇನೆ. ಅಲ್ಲಿ ಮಕ್ಕಳು ಆಡುತ್ತಾರೆ, ಬೇಗ ಬನ್ನಿ. ಹತ್ತು ಗಂಟೆಯ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ